ಗಾಜಿನ ಮನೆಯಲ್ಲಿ ಆ ಕಾಯಿ

ಸವತಿಕಾಯಿಯ ತುದಿ ಕೊಯ್ದು, ಅದೇ ತುಂಡಿನಿಂದ ಕಾಯಿಯ ಮೂತಿಯನ್ನು ಗಸಗಸ ತಿಕ್ಕಿ, ಬಿಳಿ ನೊರೆ ಬಂದ ಮೇಲೆಯೇ ಹೆಚ್ಚುವುದು ನನ್ನ ಅಭ್ಯಾಸ. ಕಹಿ ಹೋಗಲಿ ಎಂದು. ನಿಮ್ಮ ಮನೆಯಲ್ಲೂ ಯಾರಾದರೂ ತಿಕ್ಕುತ್ತಿರಬೇಕು. ತಿಕ್ಕದವರ ಮನೆಗೆ ಊಟಕ್ಕೆ ಹೋದರೆ, ಕೋಸಂಬರಿಯನ್ನು ಮೊದಲು ಬೇರೆ ಯಾರಾದರೂ ತಿನ್ನಲಿ ಎಂದು ನಾನು ಕಾಯುತ್ತೇನೆ. ನನ್ನ ಸೊಸೆ ಕಾಲೇಜಿನಲ್ಲಿ ವಿಜ್ಞಾನ ಓದಿದವಳು. “ಅತ್ತೆ, ತಿಕ್ಕಿದ್ರೆ ಕಹಿ ಹೋಗುತ್ತೆ ಅಂತ ಎಲ್ಲೂ ಬರೆದಿಲ್ಲ” ಎಂದು ಪ್ರತಿ ಸಲವೂ ಹೇಳುತ್ತಾಳೆ. “ಬರದಿಲ್ಲಂದ್ರ ಬಿಡವಾ” ಎಂದು ನಾನು ತಿಕ್ಕುತ್ತಲೇ ಇರುತ್ತೇನೆ.

ಅವಳು ಮೈಸೂರು ಕಡೆಯವಳು. ಅದನ್ನು ಸೌತೆಕಾಯಿ ಎನ್ನುತ್ತಾಳೆ. ಸೌತೆಯಲ್ಲಿ ಅಂಥ ತೊಂದರೆ ಏನೂ ಇಲ್ಲ. ತೊಂದರೆಯೆಲ್ಲ ಇರುವುದು ನಮ್ಮ ಹಾವೇರಿ ಕಡೆಯ ಸವತಿಕಾಯಿಯಲ್ಲಿ. ಆ ಹೆಸರಿನ ಮೊದಲರ್ಧವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಯಾಕೆಂದರೆ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಖರೇ ಖರೇ ಒಬ್ಬಳು ಸವತಿ ಇದ್ದಳು. ರಾಣೆಬೆನ್ನೂರಿನಲ್ಲಿ.

ಹೀಗಾಗಿ ನಮ್ಮ ಮನೆಯಲ್ಲಿ ಆ ಕಾಯಿಗೆ ಹೆಸರೇ ಇರಲಿಲ್ಲ. ‘ಆ ಕಾಯಿ’ ಎಂದರೆ ಆಯಿತು. ಅಗಡಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಕಾಯಿಪಲ್ಲೆಯವಳೂ ಓಣಿಯ ತುದಿಯವರೆಗೆ “ಸವತೀಕಾಯಿ, ಹೀರೀಕಾಯಿ” ಎಂದು ಕೂಗುತ್ತ ಬಂದು, ನಮ್ಮ ಕಟ್ಟೆಯ ಮುಂದೆ ದನಿ ಇಳಿಸಿ, “ಆಯೀ, ಆ ಕಾಯಿ ಎಳೇವು ಅದಾವ ನೋಡ್ರಿ” ಎನ್ನುತ್ತಿದ್ದಳು. ಆಯಿ ಅವನ್ನು ಕೊಳ್ಳುತ್ತಿದ್ದಳು, ಕೋಸಂಬರಿ ಮಾಡುತ್ತಿದ್ದಳು, ತಿನ್ನುತ್ತಲೂ ಇದ್ದಳು. ಕಾಯಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಇದರ ಫಲವನ್ನು ಉಂಡವಳು ನಾನು. ಶಾಲೆಯಲ್ಲಿ ಅಕ್ಕೋರು ಪಟದಲ್ಲಿದ್ದ ಕಾಯಿಗಳನ್ನು ಕೋಲಿನಿಂದ ಮುಟ್ಟಿ ಹೆಸರು ಕೇಳುತ್ತಿದ್ದರು. ನನ್ನ ಪಾಳಿ ಬಂದಾಗ ಕೋಲು ಅದರ ಮೇಲೆಯೇ ನಿಂತಿತು. “ಆ ಕಾಯಿರಿ” ಎಂದೆ. “ಯಾವ ಕಾಯಿ?” ಎಂದರು. “ಆ ಕಾಯಿನರಿ” ಎಂದೆ. ನಾನು ಅಣಕಿಸುತ್ತಿದ್ದೇನೆಂದು ತಿಳಿದು ಅಕ್ಕೋರು ಅದೇ ಕೋಲಿನಿಂದ ನನ್ನ ಅಂಗೈಗೆ ಒಂದು ಕೊಟ್ಟು, ಹೆಸರು ಕಲಿಸಿದರು. ಕೈ ಉರಿಯುವಾಗ ಕಲಿತದ್ದು ಮರೆಯುವುದಿಲ್ಲ ನೋಡಿ. ಆದರೆ ಸವತಿ ಎಂದರೆ ಇನ್ನೊಂದು ಅರ್ಥವೂ ಉಂಟೆಂದು ಅಕ್ಕೋರು ಹೇಳಲಿಲ್ಲ. ಹೇಳಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಇನ್ನು ಅಜ್ಜನ ವಿಷಯ. ಅಜ್ಜನದು ಹತ್ತಿಯ ವ್ಯಾಪಾರ. ಹಾವೇರಿಯಲ್ಲೂ ಕೆಲಸ, ರಾಣೆಬೆನ್ನೂರಿನಲ್ಲೂ ಕೆಲಸ. ಕೆಲಸ ಎರಡೂರಲ್ಲಿ ಇದ್ದ ಮೇಲೆ ಮನೆಯೂ ಎರಡೂರಲ್ಲಿ ಇರಬೇಕೆಂದು ಅವನಿಗೆ ತೋರಿತು, ಮನೆ ಎಂದ ಮೇಲೆ ಮನೆಯಾಕೆಯೂ ಬೇಕಲ್ಲ. ಆಗಿನ ಕಾಲದಲ್ಲಿ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ, ಆಯಿಯ ಹೊರತು. ಹಾವೇರಿಯಿಂದ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋಗುವಾಗ ನಡುವೆ ಬ್ಯಾಡಗಿ ಬರುತ್ತದೆ. ಸುಗ್ಗಿಯಲ್ಲಿ ಅಲ್ಲಿ ರೈಲು ನಿಂತರೆ ಮೆಣಸಿನಕಾಯಿಯ ಘಾಟಿಗೆ ಡಬ್ಬಿಯ ಜನವೆಲ್ಲ ಸೀನುತ್ತಾರೆ. “ಬ್ಯಾಡಗಿಯಾಗ ಸೀನೋತನಕ ಅವರು ನನ್ನ ಗಂಡ. ಸೀನಿ ಮೂಗು ಒರಸಿಕೊಂಡ ಮ್ಯಾಲೆ ಆಕೀ ಗಂಡ” ಎಂದು ಆಯಿ ಹೇಳುತ್ತಿದ್ದಳು. ಬ್ಯಾಡಗಿಯಲ್ಲಿ ಅಜ್ಜನಿಗೆ ಕೆಲಸವಿರಲಿಲ್ಲ, ಅದು ಎಲ್ಲರ ಪುಣ್ಯ.

ಅಜ್ಜ ಹೋದಾಗ ನಾನಿನ್ನೂ ಹುಟ್ಟಿರಲಿಲ್ಲ. ಅವನ ದಿನಕರ್ಮ ಮುಗಿದ ಮೇಲೆ ಇಬ್ಬರು ಹೆಂಡಿರೂ ಅವನನ್ನು ಪಾಲು ಮಾಡಿಕೊಂಡರು. ಫೋಟೋ ಹಾವೇರಿಗೆ ಉಳಿಯಿತು, ಜರಿಯಂಚಿನ ರುಮಾಲು ರಾಣೆಬೆನ್ನೂರಿಗೆ ಹೋಯಿತು. ತಲೆ ಇಲ್ಲಿ, ರುಮಾಲು ಅಲ್ಲಿ. ಅಂದಿನಿಂದ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆಕೆಗೆ ಮಕ್ಕಳಿರಲಿಲ್ಲ, ತಮ್ಮನ ಮನೆಯಲ್ಲಿ ಇದ್ದಳು. ಅಪ್ಪ ಅವಳನ್ನು ಚಿಗವ್ವ ಎನ್ನುತ್ತಿದ್ದ. ಏನಾದರೊಂದು ನೆವ ತೆಗೆದು ರಾಣೆಬೆನ್ನೂರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದ. ಆಯಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು, ಅಷ್ಟೆ.

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಒಂದು ವರ್ಷ ಯಾವುದೋ ಬೀಜದ ಕಂಪನಿಯ ಕ್ಯಾಲೆಂಡರು ಅವನ ಕೈಗೆ ಸಿಕ್ಕಿತು. ಅದರಲ್ಲಿ ಗಾಜಿನ ಗೋಡೆ, ಗಾಜಿನ ಮಾಡಿನ ಒಂದು ಪುಟ್ಟ ಮನೆ. ಒಳಗೆ ಟೋಪಿ ಹಾಕಿದ ದೊರೆಸಾನಿ ಒಬ್ಬಳು ನಿಂತಿದ್ದಳು. ಅವಳ ಸುತ್ತ ಕೆಂಪು, ಹಳದಿ, ನೇರಳೆ, ಹಸಿರು, ಜಗತ್ತಿನ ಕಾಯಿಪಲ್ಲೆಯೆಲ್ಲ ಒಂದೇ ಸಲ ಕಾಯಿ ಬಿಟ್ಟು ನಿಂತಿದ್ದವು. ಹೊರಗೆ ನೆಲವೆಲ್ಲ ಬೆಳ್ಳಗಿತ್ತು. ಆಯಿ ಕಣ್ಣು ಕಿರಿದು ಮಾಡಿ ನೋಡಿ, “ಹತ್ತಿ ಭಾರೀ ಬಂದೇತಿ ಬಿಡು ಈ ಊರಾಗ” ಎಂದಳು. ಅದು ಹತ್ತಿಯಲ್ಲ, ಹಿಮ. ಆ ಊರಿನವರು ಚಳಿಗೆ ಹೆದರಿ ಗಿಡಗಳಿಗೆ ಗಾಜಿನ ಮನೆ ಕಟ್ಟಿದ್ದರು. ಹಾವೇರಿಯಲ್ಲಿ ಚಳಿಗೆ ಹೆದರುವ ಗಿಡವನ್ನು ಯಾರಾದರೂ ಕಂಡಿದ್ದೀರಾ? ಆದರೆ ಅಪ್ಪ ನೋಡಿದ್ದು ಬಣ್ಣಗಳನ್ನು ಮಾತ್ರ.

ದಸರೆ ಮುಗಿಯುತ್ತಲೇ ಹಿತ್ತಲಿನಲ್ಲಿ ಬಿದಿರು, ಹಳೆಯ ಬಾಗಿಲ ಚೌಕಟ್ಟು, ಪೆಟ್ಟಿಗೆಯ ಹಲಗೆಗಳಿಂದ ಒಂದು ಅಸ್ಥಿಪಂಜರ ಎದ್ದಿತು. ಎತ್ತಿನ ಗಾಡಿ ನಿಲ್ಲುವಷ್ಟು ಜಾಗ. ಇನ್ನು ಗಾಜು ಬೇಕು. ಯುದ್ಧದ ಕಾಲ, ಹುಬ್ಬಳ್ಳಿಯಲ್ಲೂ ಗಾಜು ಸಿಗಲೊಲ್ಲದು. ಅಪ್ಪ ಮನೆಯೊಳಗೆ ಬಂದು ಸುತ್ತ ನೋಡಿದ. ಕಪಾಟಿನ ಬಾಗಿಲಿನ ಗಾಜು ಮೊದಲು ಹೋಯಿತು. ಆಮೇಲೆ ಗೋಡೆಯ ಮೇಲಿನ ಪಟಗಳು. ಲಕ್ಷ್ಮಿ, ಸರಸ್ವತಿ, ವೆಂಕಟರಮಣ ಎಲ್ಲರೂ ಗಾಜು ಕಳಚಿಟ್ಟು ಗಾಳಿಗೆ ಮುಖ ಒಡ್ಡಿ ಕುಳಿತರು. ಆಯಿಯ ತವರು ಕದರಮಂಡಲಗಿ. ಅಲ್ಲಿಯ ಹನಮಪ್ಪನ ಪಟದ ಹತ್ತಿರ ಅಪ್ಪ ಕೈ ಚಾಚಿದಾಗ ಮಾತ್ರ, “ಹನಮಪ್ಪನ ಗಾಜು ಮುಟ್ಟಿದಿ ಅಂದ್ರ ನೋಡು ಮತ್ತ” ಎಂದು ಒಳಗಿನಿಂದ ದನಿ ಬಂತು. ಹನಮಪ್ಪ ಉಳಿದ. ಇನ್ನು ಬಾಕಿ ಇದ್ದದ್ದು ಅಜ್ಜನ ಫೋಟೋ. ಅಪ್ಪ ಅದರ ಮುಂದೆ ನಿಂತು ಆಯಿಯ ಮುಖ ನೋಡಿದ.

“ಅದನ್ನೂ ತಗೋ” ಎಂದಳು ಆಯಿ. “ಅವರಿಗೂ ಒಳಗ ಕುಂತು ಕುದಿ ಆಗೇತಿ.”

ಗಾಜಿನ ಮನೆ ಸಿದ್ಧವಾಯಿತು. ದೇವರ ಪಟದ ಗಾಜುಗಳಲ್ಲಿ ಕೆಲವಕ್ಕೆ ವರುಷಗಟ್ಟಲೆ ಹಚ್ಚಿದ ಕುಂಕುಮದ ಕಲೆ ಹಾಗೇ ಉಳಿದಿತ್ತು. ಬಿಸಿಲು ಬಿದ್ದಾಗ ಬದನೆಯ ಎಲೆಯ ಮೇಲೆ ಒಂದೊಂದು ಕೆಂಪು ಬೊಟ್ಟು ಕಾಣುತ್ತಿತ್ತು. ಓಣಿಯ ಹೆಂಗಸರು ಬಂದು ನೋಡಿ, ನಗಬೇಕೋ ನಮಸ್ಕಾರ ಮಾಡಬೇಕೋ ತಿಳಿಯದೆ ಎರಡನ್ನೂ ಮಾಡಿ ಹೋಗುತ್ತಿದ್ದರು.

ಈಗ ಯಾವ ಗಿಡ ಎಲ್ಲಿ ಎಂಬ ಪ್ರಶ್ನೆ. ಅಪ್ಪ ಮೊದಲು ಜಲವರ್ಣದಲ್ಲಿ ಚಿತ್ರ ಬರೆದ. ಟೊಮ್ಯಾಟೊದ ಕೆಂಪಿನ ಹಿಂದೆ ಮೆಂತೆಯ ತಿಳಿಹಸಿರು, ಬದನೆಯ ನೇರಳೆಯ ಪಕ್ಕದಲ್ಲಿ ಹೀರೆಯ ಹಳದಿ ಹೂ, ನಡುವೆ ಅಲ್ಲಲ್ಲಿ ಮೆಣಸಿನಕಾಯಿ, ಅಂಚಿಗೆ ಮೂಲಂಗಿ. ಚಿತ್ರ ನೋಡಿ ಅದರಂತೆ ಬೀಜ ಹಾಕಿದ. ಯಾವುದಕ್ಕೆ ಎಷ್ಟು ನೀರು, ಯಾವುದು ಎಷ್ಟು ಹಬ್ಬುತ್ತದೆ ಎಂಬುದೆಲ್ಲ ಚಿತ್ರದಲ್ಲಿ ಇರಲಿಲ್ಲ, ಹಾಗಾಗಿ ಅಪ್ಪನ ತಲೆಯಲ್ಲೂ ಇರಲಿಲ್ಲ.

ಆಯಿಯ ಲೆಕ್ಕ ಬೇರೆ. ಅವಳು ಗಿಡಗಳನ್ನು ಮದುವೆ ಮನೆಯ ಪಂಕ್ತಿಯ ಹಾಗೆ ಕೂರಿಸುವವಳು. “ಬದನಿ, ಟಮಾಟಿ, ಮೆಣಸಿನಕಾಯಿ ಒಂದ ಬಳಗ. ಬಾಜೂಕ ಬಾಜೂಕ ಕುಂದ್ರಸಿದ್ರ ನೆಗೆಣ್ಣ್ಯಾರ ಹಂಗ ಕಚ್ಚಾಡತಾವ. ನಡುವ ಮೆಂತೆ ಹಾಕು, ಅದು ಸಾಧು. ಹಾಗಲಾ ಬ್ಯಾಡ, ಬಾಜೂದವರಿಗೂ ಕಹಿ ಕಲಸತೈತಿ” ಎನ್ನುತ್ತಿದ್ದಳು. ಅಪ್ಪ, “ಯವ್ವಾ, ಅವು ಗಿಡ, ಬೀಗರಲ್ಲ” ಎನ್ನುತ್ತಿದ್ದ. ಬೆಳಿಗ್ಗೆ ಅಪ್ಪ ನೆಟ್ಟ ಸಸಿ ಅವನು ಶಾಲೆಗೆ ಹೋಗುತ್ತಲೇ ಜಾಗ ಬದಲಿಸುತ್ತಿತ್ತು. ಸಂಜೆ ಮತ್ತೆ ಮರಳುತ್ತಿತ್ತು. ಆ ಬದನೆಗಿಡಗಳಷ್ಟು ಪ್ರಯಾಣ ಮಾಡಿದವರು ನಮ್ಮ ಓಣಿಯಲ್ಲಿ ಅಜ್ಜನೊಬ್ಬನೇ ಇರಬೇಕು.

ನನ್ನ ಅವ್ವ ಇಬ್ಬರಿಗೂ ಹೂಂ ಎನ್ನುತ್ತಿದ್ದಳು. ಅವ್ವ ಬ್ಯಾಡಗಿಯವಳು, ಅಲ್ಲಿಯ ಮೆಣಸಿನಕಾಯಿಯಂತೆಯೇ. ಸಿಟ್ಟು ಬಂದರೆ ಮುಖವೆಲ್ಲ ಕೆಂಪಾಗುತ್ತಿತ್ತು, ಮಾತಿನಲ್ಲಿ ಖಾರ ಮಾತ್ರ ಇರುತ್ತಿರಲಿಲ್ಲ. ಎರಡೂರ ನಡುವೆ ಅವಳ ಊರು, ತಾಯಿ ಮಗನ ನಡುವೆ ಅವಳು. ಗಿಡಗಳು ಮಾತ್ರ ಇಬ್ಬರ ಮಾತನ್ನೂ ಕೇಳಲಿಲ್ಲ. ಮೆಂತೆ ಒಂದೇ ವಾರದಲ್ಲಿ ಎದ್ದು, ಚಿತ್ರದ ಉಳಿದವರು ಕಣ್ಣು ಬಿಡುವ ಮೊದಲೇ ಪಲ್ಯವಾಗಿ ಹೋಯಿತು. ಮೂಲಂಗಿ ನೆಲದೊಳಗೆ ಬೆಳೆಯಿತಾದ್ದರಿಂದ ಅದರ ಬಣ್ಣ ಅಪ್ಪನಿಗೆ ದಕ್ಕಲಿಲ್ಲ. ಹೀರೆ ಮಾಡಿಗೆ ಏರಿ, ವೆಂಕಟರಮಣನ ಗಾಜನ್ನು ಮೂತಿಯಿಂದ ತಳ್ಳತೊಡಗಿತು.

ಸಂಕ್ರಾಂತಿಯ ಸುಮಾರಿಗೆ ರಾಣೆಬೆನ್ನೂರಿನಿಂದ ಸುದ್ದಿ ಬಂತು. ಚಿಗವ್ವನ ತಮ್ಮ ತೀರಿಕೊಂಡಿದ್ದ. ಅವನ ಮಗ ಗಿರಣಿಯ ಕೆಲಸಕ್ಕೆಂದು ಹೆಂಡತಿ ಮಕ್ಕಳೊಂದಿಗೆ ದಾವಣಗೆರೆಗೆ ಹೊರಟಿದ್ದ, ಬಾಡಿಗೆಯ ಮನೆ ಬಿಡುವುದಿತ್ತು. ಸೋದರತ್ತೆಯನ್ನು ಏನು ಮಾಡುವುದೆಂದು ಅವನಿಗೂ ತಿಳಿದಿರಲಿಲ್ಲ. ಅಪ್ಪ ಊಟಕ್ಕೆ ಕುಳಿತಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ತೆರೆದ ಬಾಯಿಗೆ ರೊಟ್ಟಿಯ ತುತ್ತನ್ನೇ ಇಟ್ಟುಕೊಳ್ಳುತ್ತಿದ್ದ. ಆಯಿ ನೋಡುತ್ತಿದ್ದಳು, “ಇನ್ನೊಂದು ರೊಟ್ಟಿ ಹಾಕು ಅವಗ” ಎಂದು ಅವ್ವನಿಗೆ ಹೇಳುತ್ತಿದ್ದಳು. ಆ ದಿನಗಳಲ್ಲಿ ಅಪ್ಪ ಸ್ವಲ್ಪ ದಪ್ಪಗಾದ.

ಒಂದು ಸಂಜೆ ಅಪ್ಪ ಅವ್ವ ಗಾಜಿನ ಮನೆಯಲ್ಲಿ ಮಾತಾಡುತ್ತಿದ್ದರು. ಹೊರಗೆ ನಾನು ಕುಂಟಾಬಿಲ್ಲೆ ಆಡುತ್ತಿದ್ದೆ. ಗಾಜಿನ ಗೋಡೆಯ ದೊಡ್ಡ ಗುಣವೆಂದರೆ ಅದರೊಳಗೆ ಗುಟ್ಟು ನಿಲ್ಲುವುದಿಲ್ಲ, ಅದರಲ್ಲೂ ಕಪಾಟಿನ ಗಾಜಿನ ಸಂದಿಗೆ ಅಪ್ಪ ಮೆತ್ತಿದ್ದ ಮಣ್ಣು ಆಗಲೇ ಉದುರಿತ್ತು.

“ಚಿಗವ್ವನ ವಿಚಾರ ಅವ್ವನ ಮುಂದ ತಗೀಲಿಕ್ಕೆ ನನಗ ಧೈರ್ಯ ಆಗವಲ್ದು” ಎಂದು ಅಪ್ಪ ಅಂದದ್ದನ್ನು ನಾನು ಕೇಳಲಿಲ್ಲ. ಅದನ್ನು ಅವ್ವ ಎಷ್ಟೋ ವರ್ಷದ ಮೇಲೆ ಹೇಳಿದಳು. ನಾನು ಬಿಲ್ಲೆ ಹುಡುಕುತ್ತ ಹತ್ತಿರ ಬಂದಾಗ ಮಾತು ಗಿಡಗಳ ಕಡೆಗೆ ಹೊರಳಿತ್ತು. ಚಿತ್ರದ ಎಡಗಡೆ ಕಡುಹಸಿರು ಕಡಿಮೆ ಬಿದ್ದಿತ್ತು. ಚಿಗವ್ವ ರಾಣೆಬೆನ್ನೂರಿನ ಹಿತ್ತಲಿನಲ್ಲಿ ಎಲೆಯ ದೊನ್ನೆಗಳಲ್ಲಿ ಆ ಕಾಯಿಯ ಒಳ್ಳೆಯ ಸಸಿ ಎಬ್ಬಿಸಿದ್ದಳು. ಅಪ್ಪ ದನಿ ತಗ್ಗಿಸಿ, ಮನೆಯಲ್ಲಿ ನಿಷಿದ್ಧವಾದ ಆ ಶಬ್ದವನ್ನು ಹೇಳಿದ: “ನಾಳೆ ರಾಣೆಬೆನ್ನೂರಿಂದ ಸವತಿ ತರತೀನಿ. ಅವ್ವಗ ಹೇಳಬ್ಯಾಡ. ಒಂದು ಮೂಲ್ಯಾಗ ಇಟ್ಟರಾತು. ಎಷ್ಟು ಜಾಗಾ ಬೇಕು?”

ನನಗೆ ಹಿಗ್ಗೋ ಹಿಗ್ಗು. ಅಂಗೈ ಕೊಟ್ಟು ಕಲಿತ ಶಬ್ದ ಮನೆಯಲ್ಲಿ ಮೊದಲ ಸಲ ಕಿವಿಗೆ ಬಿದ್ದಿತ್ತು. ಗುಟ್ಟು ಬೇರೆ. ಓಡಿ ಹೋಗಿ, ಪಡಸಾಲೆಯಲ್ಲಿ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದ ಆಯಿಯ ಕಿವಿಯಲ್ಲಿ ಊದಿದೆ. “ಆಯೀ, ಅಪ್ಪ ನಾಳೆ ರಾಣೆಬೆನ್ನೂರಿಂದ ಸವತಿ ತರತಾನಂತ. ನಿನಗ ಹೇಳಬಾರದಂತ.”

ಆಯಿಯ ಕೈಯ ಬತ್ತಿ ಅರ್ಧಕ್ಕೆ ನಿಂತಿತು. ಆ ಮನೆಯಲ್ಲಿ ಕಾಯಿಗೆ ಆ ಹೆಸರು ಇಲ್ಲವೇ ಇಲ್ಲ. ಅಂದ ಮೇಲೆ ಅವಳಿಗೆ ಆ ಶಬ್ದಕ್ಕೆ ಒಂದೇ ಅರ್ಥ.

“ಯಾರಂದ್ರು?”

“ಅಪ್ಪನ ಅಂದ. ಒಂದು ಮೂಲ್ಯಾಗ ಇಟ್ಟರಾತಂತ. ಭಾಳ ಜಾಗಾ ಬೇಕಾಗೂದಿಲ್ಲಂತ.”

ಆಯಿ ಅರ್ಧ ಹೊಸೆದ ಬತ್ತಿಯನ್ನು ಬುಟ್ಟಿಗೆ ಹಾಕಿದಳು. ಅವಳ ಮುಖ ನಾನು ಎಂದೂ ನೋಡದ ಹಾಗೆ ಆಗಿತ್ತು. ನನಗೆ ಹೆದರಿಕೆಯಾಯಿತು. ಆಮೇಲೆ ಬತ್ತಿಯ ಬುಟ್ಟಿಯನ್ನು ಸರಿಸಿ ತನ್ನಷ್ಟಕ್ಕೆ ತಾನೇ ಅಂದಳು, “ಮೂಲ್ಯಾಗ ಇಡಾಕ ಆಕಿ ಏನ ಒನಕಿ ಅದಾಳೇನು? ಜನ್ಮಾ ಪೂರ್ತಿ ನನ್ನ ಸಂಸಾರದಾಗ ಅರ್ಧಾ ಜಾಗಾ ತಗೊಂಡಾಕಿಗೆ ಈಗ ಒಂದು ಮೂಲಿ ಸಾಕಂತ. ಎಂಥಾ ಮಗನ್ನ ಹಡದ್ನೆವಾ!”

ಗಿಡಕ್ಕೆ ಮೂಲೆ ಸಾಲುವುದಿಲ್ಲವೆಂದು ಆಯಿ ಇಷ್ಟು ಕಳವಳ ಪಡುತ್ತಿದ್ದಾಳಲ್ಲ ಎಂದು ನನಗೆ ಆಶ್ಚರ್ಯ.

ಮರುದಿನ ಬೆಳಿಗ್ಗೆ ಅಪ್ಪ ರೈಲಿಗೆ ಹೋದ. ಅವನು ಓಣಿ ತಿರುಗುವುದೇ ತಡ, ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಮಲಗುವುದು ನಡುಮನೆಯಲ್ಲಿ. ತನ್ನ ಟ್ರಂಕನ್ನು ಎಡಗಡೆ ಎಳೆದಳು, ಬಲಗಡೆ ಗೋಡೆಯನ್ನು ಖಾಲಿ ಮಾಡಿದಳು. ನೆಲ ಸಾರಿಸಿದಳು. ಹೊಸ ಕೌದಿ ತೆಗೆದು ಬಿಸಿಲಿಗೆ ಹಾಕಿದಳು. ಗೋಡೆಗೆ ಒಂದು ಮೊಳೆ ಹೊಡೆದು, ಯಾಕೋ ಸಮಾಧಾನವಾಗದೆ ಕಿತ್ತು, ತನ್ನ ಮೊಳೆಯಷ್ಟೇ ಎತ್ತರಕ್ಕೆ ಮತ್ತೆ ಹೊಡೆದಳು. ಅವ್ವನಿಗೆ ಏನೂ ತಿಳಿಯಲಿಲ್ಲ. ಕೇಳಿದರೆ ಆಯಿ, “ಮಂದಿ ಬರತಾರ” ಎಂದಳು. ಮಧ್ಯಾಹ್ನ ಅಡಿಗೆಮನೆಗೆ ಬಂದು ಹೇಳಿದಳು, “ಪಲ್ಯಕ್ಕ ನಿಮ್ಮ ಬ್ಯಾಡಗಿ ಮೆಣಸಿನಕಾಯಿನ ಹಾಕು. ಆಕಿಗೆ ಖಾರ ನಡ್ಯೂದಿಲ್ಲ. ಹುಣಸಿ ಕಡಿಮಿ ಹಾಕು, ಹುಳಿ ತಿಂದ್ರ ಆಕಿಗೆ ಹಲ್ಲು ಜುಮ್ ಅಂತಾವ.”

“ಯಾರಿಗ್ರಿ, ಅತ್ತಿ?”

“ನೀ ಹಾಕು.”

ಇಷ್ಟು ವರ್ಷ ಮುಖ ನೋಡದವಳ ಹಲ್ಲಿನ ಸಮಾಚಾರ ಆಯಿಗೆ ಹೇಗೆ ಗೊತ್ತು? ಅಜ್ಜ ಬ್ಯಾಡಗಿ ದಾಟಿ ಈಚೆ ಬರುವಾಗ ಆ ಮನೆಯ ಮಾತುಗಳನ್ನೂ ತರುತ್ತಿದ್ದ. ಆಯಿ ಕೇಳಿಸಿಕೊಳ್ಳದವಳಂತೆ ಎಲ್ಲವನ್ನೂ ಕೇಳಿ ಇಟ್ಟುಕೊಂಡಿದ್ದಳು. ಅವಳ ಮೇಲೆ ನನಗೆ ಇಂದಿಗೂ ಪ್ರೀತಿ ಉಕ್ಕುವುದು ಆ ಹುಣಸೆಹಣ್ಣಿನ ಮಾತಿಗಾಗಿ.

ಸಂಜೆಯ ರೈಲಿನ ಹೊತ್ತಿಗೆ ಆಯಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತಳು. ತೊಳೆದ ಸೀರೆ ಉಟ್ಟಿದ್ದಳು. ಅಪ್ಪ ಓಣಿಯಲ್ಲಿ ಬಂದ. ಒಬ್ಬನೇ. ಕಂಕುಳಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಹೊಸ್ತಿಲಲ್ಲಿ ತಾಯಿಯನ್ನು ಕಂಡು, ಬುಟ್ಟಿಯನ್ನು ಬೆನ್ನ ಹಿಂದೆ ಮಾಡಿದ.

“ಎಲ್ಲಿ?” ಎಂದಳು ಆಯಿ.

“ಏನು ಯವ್ವಾ?”

“ನನ್ನ ಮುಂದ ಮುಚ್ಚಿಡಬ್ಯಾಡ. ನನಗೆಲ್ಲಾ ಗೊತ್ತೈತಿ. ಎಲ್ಲಿ ಸವತಿ?”

ಆಯಿಯ ಬಾಯಿಂದ ಆ ಶಬ್ದ ಬಂದದ್ದನ್ನು ಕೇಳಿ ಅಪ್ಪನ ಮುಖ ಸುಣ್ಣದಂತಾಯಿತು. ಬುಟ್ಟಿಯನ್ನು ಮುಂದಕ್ಕೆ ತಂದು ಬಟ್ಟೆ ಸರಿಸಿದ. ದೊನ್ನೆಗಳಲ್ಲಿ ಎರಡೆರಡು ಎಲೆಯ ಸಸಿಗಳು, ರೈಲಿನ ಗಾಳಿಗೆ ತುಸು ಬಾಡಿದ್ದವು. “ಸಿಟ್ಟಾಗಬ್ಯಾಡ ಯವ್ವಾ. ಒಂದು ಮೂಲ್ಯಾಗ ಇಡತೀನಿ. ನಿನ್ನ ಕಣ್ಣಿಗೆ ಬೀಳದಂಗ ಇಡತೀನಿ.”

ಆಯಿ ಸಸಿಗಳನ್ನು ನೋಡಿದಳು. ಅಪ್ಪನನ್ನು ನೋಡಿದಳು. ಆಮೇಲೆ ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಅವ್ವನಿಗೆ ಎಲ್ಲ ಒಮ್ಮೆಲೇ ತಿಳಿಯಿತೆಂದು ಕಾಣುತ್ತದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಕೇಳಿತು.

“ಮುಂಜಾನಿಂದ ನಡುಮನಿ ತೆರವು ಮಾಡಿ, ನೆಲಾ ಸಾರಿಸಿ, ನೀರು ಹಿಡಕೊಂಡು ನಿಂತೇನಿ ನಾ” ಎಂದಳು ಆಯಿ. “ನೀ ಎರಡೆಲಿ ಹಿಡಕೊಂಡು ಬಂದಿ.”

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಡ್ರಾಯಿಂಗ್ ಮಾಸ್ತರನಿಗೆ ಯಾವುದೂ ಕಣ್ಣಿಗೆ ಕಾಣಬೇಕು. ಒಳಗೆ ಹೋಗಿ ನಡುಮನೆಯ ಖಾಲಿ ಗೋಡೆ, ಕೌದಿ, ಮೊಳೆ ಎಲ್ಲ ನೋಡಿ ಬಂದ. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದ, ಕಣ್ಣನ್ನೂ ಅದರಿಂದಲೇ ಒರೆಸಿದ. ನಾನು ಅಪ್ಪನ ಕಣ್ಣೀರು ನೋಡಿದ್ದು ಅದೇ ಮೊದಲು.

“ಆಕಿ ಬರತಾಳೋ ಇಲ್ಲೋ ಯವ್ವಾ. ನಿನಗ ಭಾಳ ಹೆದರತಾಳ.”

“ನಾ ಕರದೇನಂತ ಹೇಳು. ನೀ ಬರಲಿಲ್ಲಂದ್ರ ಅಕ್ಕ ತಾನ ರಾಣೆಬೆನ್ನೂರಿಗೆ ಬರತಾಳಂತ ಹೇಳು. ಹೆದರಿದ್ರ ಆ ಹೆದರಿಕಿಗೇ ಬರತಾಳ.” ತಂಬಿಗೆಯ ನೀರನ್ನು ಚೆಲ್ಲಲು ಮನಸ್ಸಾಗದೆ, ಆಯಿ ಅದನ್ನು ಬುಟ್ಟಿಯ ಸಸಿಗಳಿಗೆ ಹನಿಸಿದಳು. “ಮುಂಜಾನಿ ರೈಲಿಗೆ ಹೋಗು. ಲಗೂ ಏಳು.”

ಮರುದಿನ ಅವಳು ಬಂದಳು. ಅಷ್ಟು ವರ್ಷ ಇಡೀ ಮನೆಯ ಬಾಯಿ ಕಟ್ಟಿಹಾಕಿದ ಹೆಂಗಸು ದೊಡ್ಡ ಆಳಿರಬೇಕೆಂದು ನಾನು ತಿಳಿದಿದ್ದೆ. ಟಾಂಗಾದಿಂದ ಇಳಿದದ್ದು ಒಂದು ಗುಬ್ಬಚ್ಚಿಯಂಥ ಮುದುಕಿ. ಕೈಯಲ್ಲಿ ಒಂದು ಗಂಟು, ಟಾಂಗಾದಲ್ಲಿ ಒಂದು ಟ್ರಂಕು. ಆಯಿ ಕಾಲಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. “ಬಾ” ಎಂದು ಮಾತ್ರ ಅಂದಳು. ಅವಳು “ಬಂದೆ ಅಕ್ಕಾ” ಎಂದಳು. ಪಡಸಾಲೆಗೆ ಬಂದವಳೇ ಗೋಡೆಯ ಮೇಲಿನ ಅಜ್ಜನನ್ನು ನೋಡಿ ನಿಂತುಬಿಟ್ಟಳು.

“ಇವರ ಗಾಜೆಲ್ಲಿ ಹೋತು?”

“ಬದನೀಗಿಡದ ಮ್ಯಾಲೆ ಐತಿ” ಎಂದಳು ಆಯಿ. “ಒಂದ ಕಡೆ ಇದ್ದವರ ಅಲ್ಲ, ಬಿಡು.”

ಇಬ್ಬರೂ ನಕ್ಕರು ಎಂದು ಬರೆಯಲು ನನಗೆ ಆಸೆ. ಆದರೆ ಆಗ ನಗಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅಜ್ಜನನ್ನೇ ನೋಡಿದರು. ಅವನು ಗಾಜಿಲ್ಲದೆ, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದೆ ಸಿಕ್ಕಿಬಿದ್ದವನಂತೆ ಕುಳಿತಿದ್ದ.

ಸೇರಿ ಬಾಳುವುದು ಸುಲಭವಾಗಲಿಲ್ಲ. ಗಾಜಿನ ಮನೆಯಲ್ಲಿ ಈಗ ಅಪ್ಪನ ಬಣ್ಣ, ಆಯಿಯ ಬಳಗದ ಜೊತೆಗೆ ರಾಣೆಬೆನ್ನೂರ ಆಯಿಯದೂ ಒಂದು ಪದ್ಧತಿ ಬಂತು. ಎಲ್ಲಿ ಮಣ್ಣು ಕಂಡರೆ ಅಲ್ಲಿ ಒಂದು ಚಿಟಿಕೆ ಕೊತ್ತಂಬರಿ ಬೀಜ ಉದುರಿಸುವುದೇ ಅವಳ ಪದ್ಧತಿ. ಅಪ್ಪನ ಚಿತ್ರ ಪೂರ್ತಿ ಹಸಿರಾಗಿ ಹೋಯಿತು. ಆಯಿ ಟೊಮ್ಯಾಟೊ ತಿನ್ನುವವಳಲ್ಲ, ವಿಲಾಯತಿ ಬದನೆ ಎಂದು ದೂರವಿಟ್ಟಿದ್ದಳು. ಈ ಆಯಿ ಅದನ್ನು ಬೆಲ್ಲದ ಜೊತೆ ಕಚ್ಚಿ ತಿನ್ನುತ್ತಿದ್ದಳು. ಆಯಿ ಮೂಗು ಮುರಿಯುತ್ತಿದ್ದಳು, ಆಮೇಲೆ “ಹೆಂಗ ಐತಿ ಅದು?” ಎಂದು ಕೇಳುತ್ತಿದ್ದಳು. ಒಬ್ಬಳು ನೀರು ಹಾಕಿದ ಮಡಿಗೆ ಇನ್ನೊಬ್ಬಳು ಮತ್ತೆ ನೀರು ಹಾಕಿ ಮೆಣಸಿನಗಿಡಗಳು ಕೊಳೆತವು. ಆಗ ಎರಡು ದಿನ ಅವರ ನಡುವೆ ಮಾತೂ ಇರಲಿಲ್ಲ.

ರಾಣೆಬೆನ್ನೂರಿನ ಸಸಿಗಳು ಮಾತ್ರ ಮೂಲೆ ಬಿಟ್ಟು ಎದ್ದು, ಹೀರೆಯನ್ನು ಹಿಂದೆ ಹಾಕಿ ಮಾಡಿಗೆ ಏರಿದವು. ಹಳದಿ ಹೂ ಬಿಟ್ಟವೇ ಹೊರತು ಕಾಯಿ ಕಚ್ಚಲಿಲ್ಲ. ಗಾಜಿನ ಮನೆಗೆ ಜೇನುಹುಳ ಬರುವುದು ಎಲ್ಲಿಂದ? ಶಾಲೆಯ ವಿಜ್ಞಾನ ಮಾಸ್ತರರು ಉಪಾಯ ಹೇಳಿದರು. ಅಪ್ಪ ತನ್ನ ಅಳಿಲುಗೂದಲಿನ ಕುಂಚ ತಂದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಹಚ್ಚತೊಡಗಿದ. ಆಯಂದಿರಿಬ್ಬರೂ ಬಾಗಿಲಲ್ಲಿ ನಿಂತು ನೋಡಿದರು.

“ಏನ ಮಾಡಾಕತ್ತಾನವಾ ಇಂವ?” ಎಂದಳು ರಾಣೆಬೆನ್ನೂರಾಕೆ.

“ಮದವಿ” ಎಂದಳು ಆಯಿ. “ಒಂದು ಗಂಡಿಗೆ ಎಷ್ಟು ಹೆಣ್ಣು ಮಾಡತಾನ ಎಣಸು. ಅಪ್ಪನ ಮಗ ಖರೇ.”

ಅವತ್ತು ನಕ್ಕರು ನೋಡಿ. ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ, ಒಬ್ಬರ ಹೆಗಲು ಒಬ್ಬರು ಹಿಡಿದು ನಕ್ಕರು. ಅಪ್ಪ ಕುಂಚ ಹಿಡಿದುಕೊಂಡು ಕೆಂಪಾಗಿ ನಿಂತಿದ್ದ.

ಶಿವರಾತ್ರಿ ದಾಟುತ್ತಲೇ ಹಾವೇರಿಯ ಬಿಸಿಲು ಬಂತು. ಗಾಜಿನೊಳಗೆ ಕೈ ಇಟ್ಟರೆ ಬೇಯುವಂತಿತ್ತು. ಅಪ್ಪ ಗಾಜಿನ ಮೇಲೆ ಧೋತರಗಳನ್ನು ಹಾಸಿದ. “ಬಿಸಿಲು ಬೇಕಂತ ಗಾಜು ಹಾಕಿದಿ, ಬಿಸಿಲು ಬ್ಯಾಡಂತ ಧೋತರ ಹಾಕಿದಿ. ಎರಡೂ ಬಿಟ್ಟಿದ್ರ ಗಿಡಕ್ಕ ಗಾಳಿನರ ಸಿಗತಿತ್ತು” ಎಂದಳು ಆಯಿ. ಧೋತರಗಳೂ ಸಾಲಲಿಲ್ಲ. ಆಗ ರಾಣೆಬೆನ್ನೂರ ಆಯಿ ಒಳಗೆ ಹೋಗಿ ಟ್ರಂಕಿನಿಂದ ಅಜ್ಜನ ರುಮಾಲು ತಂದಳು. ಆಯಿಯ ಮುಖ ನೋಡಿದಳು. ಆಯಿ ಒಂದು ತುದಿ ಹಿಡಿದಳು, ಅವಳು ಇನ್ನೊಂದು ತುದಿ ಹಿಡಿದಳು. ಬಿಚ್ಚಿದಷ್ಟೂ ಉದ್ದ. ಅಜ್ಜನ ಗಾಜಿನ ಮೇಲೆ ಅಜ್ಜನ ರುಮಾಲು ಬಂದು ಕೂತಿತು. ಅದರ ನೆರಳಿನಲ್ಲಿ ಆ ಕಾಯಿ ಬೆಳೆಯಿತು.

ಆ ಬೇಸಿಗೆಯ ಕೊನೆಗೆ ಆಲಿಕಲ್ಲಿನ ಮಳೆ ಬಿದ್ದು ಗಾಜಿನ ಮನೆ ಪುಡಿಪುಡಿಯಾಯಿತು, ಅದು ಬೇರೆ ಮಾತು. ನಮ್ಮ ಅಜ್ಜನಿಗೆ ಇಂದಿಗೂ ಗಾಜಿಲ್ಲ. ಸೊಸೆ ಹಾಕಿಸುತ್ತೇನೆ ಎನ್ನುತ್ತಾಳೆ, ನಾನು ಬೇಡವೆನ್ನುತ್ತೇನೆ. ನಾನು ಹೇಳಬೇಕೆಂದಿದ್ದದ್ದು ಅದಕ್ಕೂ ಮುಂಚಿನ, ಯುಗಾದಿಯ ಹಿಂದಿನ ದಿನದ ಮಾತು.

ಮೊದಲ ಕಾಯಿ ಕೊಯ್ದದ್ದು ಅಂದು. ಅಡಿಗೆಮನೆಯಲ್ಲಿ ಆಯಿ ಈಳಿಗೆಯ ಮುಂದೆ, ಅವಳ ಎದುರಿಗೆ ರಾಣೆಬೆನ್ನೂರ ಆಯಿ, ನಡುವೆ ಬಾಯಿ ತೆರೆದುಕೊಂಡು ನಾನು. ಆಯಿ ತುದಿ ಕೊಯ್ದು, ಕಾಯಿಯನ್ನೂ ತುಂಡನ್ನೂ ಅವಳ ಕೈಗೆ ಕೊಟ್ಟಳು. ನನ್ನ ತಪ್ಪಿನಿಂದ ಬಾಯಿಗೆ ಬಂದ ಆ ಹೆಸರನ್ನು ಈಗ ಬೇಕೆಂದೇ ಎಳೆದು ಹೇಳಿದಳು.

“ತಿಕ್ಕು. ಸವತೀಕಾಯಿ ಇದು, ನಿನ್ನ ಹೆಸರಿಂದು. ಕಹಿ ನೀನ ತಗಿ.”

ರಾಣೆಬೆನ್ನೂರ ಆಯಿ ತಿಕ್ಕಿದಳು. ಗಸಗಸ, ಗಸಗಸ. ಬಿಳಿ ನೊರೆ ಬಂತು. ತಲೆ ಎತ್ತದೆಯೇ ಮೆಲ್ಲಗೆ ಕೇಳಿದಳು, “ನಾ ನಿನಗ ಸವತಿ ಆದ್ರ, ನೀ ನನಗ ಏನಾಗಬೇಕ ಅಕ್ಕಾ?”

ಆಯಿಯ ಕೈ ಈಳಿಗೆಯ ಮೇಲೆಯೇ ನಿಂತಿತು. ಇಷ್ಟು ವರ್ಷ ಮನೆಯಿಂದ ಆಚೆ ಅಟ್ಟಿದ ಹೆಸರು ತನ್ನದೂ ಆಗಿತ್ತೆಂದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ. ರಾಣೆಬೆನ್ನೂರಾಕೆಯ ಕೈಯಿಂದ ಕಾಯಿಯನ್ನು ತಿರುಗಿ ತೆಗೆದುಕೊಂಡಳು. ಇನ್ನೊಂದು ತುದಿಯನ್ನು ಕೊಯ್ದು, ಆ ಕಡೆಯಿಂದ ತಾನೂ ತಿಕ್ಕತೊಡಗಿದಳು.